ಗುಜರಿಗೆ ಹಾಕುವ ಮುನ್ನ ಚಿಪ್‌ಗಳನ್ನು ಓದಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕಾರ್ಖಾನೆಗಳು, ಸಂಶೋಧನಾ ಸಂಸ್ಥೆಗಳು, ಎಂಜಿನಿಯರಿಂಗ್ ಕಾಲೇಜುಗಳು ಎಪ್ಪತ್ತು ಮತ್ತು ಎಂಬತ್ತರ ದಶಕದ ತಮ್ಮ ಎಲೆಕ್ಟ್ರಾನಿಕ್ ಉಪಕರಣಗಳನ್ನು ಇ-ತ್ಯಾಜ್ಯವೆಂದು ಪಟ್ಟಿ ಮಾಡಿ ವಿಲೇವಾರಿ ಮಾಡುತ್ತಿವೆ. ಜಾಗ ಖಾಲಿಯಾಗಬೇಕು, ಕಾನೂನನ್ನೂ ಪಾಲಿಸಬೇಕು; ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಪೆಟ್ಟಿಗೆಗಳು ಗೇಟು ದಾಟುವ ಮೊದಲು ಅವುಗಳೊಳಗಿನ ಮೆಮೊರಿ ಚಿಪ್‌ಗಳಲ್ಲಿ ಏನಿದೆಯೋ ಅದನ್ನು ಓದಿ ನಕಲು ಇಟ್ಟುಕೊಳ್ಳಬೇಕು ಎಂಬುದು ನನ್ನ ಕೋರಿಕೆ. ಪೆಟ್ಟಿಗೆಗೆ ಬೆಲೆ ಕಟ್ಟಲು ಸಮಿತಿ ಇದೆ, ತೂಕಕ್ಕೆ ದರ ಇದೆ, ಒಳಗಿರುವ ಬರಹವನ್ನು ಮಾತ್ರ ಕೇಳುವವರಿಲ್ಲ. ನಾನು ಸಾರ್ವಜನಿಕ ಉದ್ಯಮವೊಂದರ ಪರೀಕ್ಷಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಹಳೆಯ ಬೋರ್ಡುಗಳನ್ನು ದುರಸ್ತಿ ಮಾಡುವ ಗೆಳೆಯರಿಗೆ ಚಿಪ್ ಓದಿಕೊಡುವುದು ಈಗ ನನ್ನ ಹವ್ಯಾಸ. ಆ ಅನುಭವದಿಂದ ಹೇಳುವುದಾದರೆ, ಈ ಕೆಲಸಕ್ಕೆ ಉಳಿದಿರುವ ಸಮಯ ನಾವು ಅಂದುಕೊಂಡಷ್ಟು ಧಾರಾಳವಾಗಿಲ್ಲ.

ಕಂಪ್ಯೂಟರಿನ ನೆನಪೆಂದರೆ ಹಾರ್ಡ್ ಡಿಸ್ಕ್ ಎಂದು ತಿಳಿದಿರುವ ಓದುಗರಿಗೆ ಸ್ವಲ್ಪ ಹಿನ್ನೆಲೆ ಬೇಕಾದೀತು. ಆ ಕಾಲದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ, ಪ್ರಯೋಗಾಲಯದ ಅಳತೆ ಉಪಕರಣಗಳಲ್ಲಿ, ಲೇತ್ ಯಂತ್ರದ ನಿಯಂತ್ರಕಗಳಲ್ಲಿ, ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಡಿಸ್ಕ್ ಇರುತ್ತಿರಲಿಲ್ಲ. ಯಂತ್ರ ಹೇಗೆ ನಡೆಯಬೇಕೆಂಬ ತಂತ್ರಾಂಶವೆಲ್ಲ ಬೋರ್ಡಿನ ಮೇಲೆ ಸಾಕೆಟ್‌ನಲ್ಲಿ ಕೂತ ಕೆಲವು ಚಿಪ್‌ಗಳಲ್ಲಿ ಇರುತ್ತಿತ್ತು. ಇವುಗಳಲ್ಲಿ ಮುಖ್ಯವಾದದ್ದು ಇಪ್ರಾಮ್ (EPROM), ಅಂದರೆ ವಿದ್ಯುತ್ ಇಲ್ಲದಾಗಲೂ ಬರೆದದ್ದನ್ನು ಉಳಿಸಿಕೊಳ್ಳುವ, ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಾದ ಚಿಪ್. ಇಂಟೆಲ್ ಕಂಪನಿಯಲ್ಲಿದ್ದ ಡೋವ್ ಫ್ರೋಮನ್ ರೂಪಿಸಿ 1971ರಲ್ಲಿ ಹೊರಬಂದ 1702 ಎಂಬ ಮೊದಲ ಇಪ್ರಾಮ್‌ನಲ್ಲಿ ಹಿಡಿಸುತ್ತಿದ್ದದ್ದು 256 ಬೈಟ್ ಮಾತ್ರ. ಮುಂದೆ 2 ಕಿಲೋಬೈಟಿನ 2716, 4 ಕಿಲೋಬೈಟಿನ 2732, 8 ಕಿಲೋಬೈಟಿನ 2764 ಬಂದವು; 27512ರ ಹೊತ್ತಿಗೆ ಅದು 64 ಕಿಲೋಬೈಟಿಗೆ ಏರಿತ್ತು. ಕನ್ನಡದ ಒಂದೊಂದು ಸಂಕೇತಕ್ಕೆ ಇಂದಿನ ಕಂಪ್ಯೂಟರುಗಳು ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ರೂಪದಲ್ಲಿ 3 ಬೈಟ್ ಬೇಕಾಗುವುದರಿಂದ ಈ ಪತ್ರದ ಕಾಲುಭಾಗವೂ 2764ರಲ್ಲಿ ಹಿಡಿಸದು. ಅಷ್ಟೇ ಜಾಗದಲ್ಲಿ ಆ ಕಾಲದ ಎಂಜಿನಿಯರುಗಳು ಒಂದು ಇಡೀ ಉಪಕರಣವನ್ನು ನಡೆಸುತ್ತಿದ್ದರು.

ಇಪ್ರಾಮ್‌ನ ಪ್ರತಿಯೊಂದು ಕೋಶದಲ್ಲೂ ಸುತ್ತ ಸಿಲಿಕಾನ್ ಡೈಆಕ್ಸೈಡ್ ಪದರದಿಂದ ಮುಚ್ಚಿದ, ಯಾವ ತಂತಿಗೂ ಸಂಪರ್ಕವಿಲ್ಲದ, ಗೇಟ್ ಎಂಬ ಒಂದು ಪುಟ್ಟ ವಾಹಕ ತುಣುಕು ಇರುತ್ತದೆ. ಬರೆಯುವಾಗ ಹೆಚ್ಚಿನ ವೋಲ್ಟೇಜ್ ಕೊಟ್ಟು, ಉದಾಹರಣೆಗೆ ಇಂಟೆಲ್‌ನ 2716ಕ್ಕೆ 25 ವೋಲ್ಟ್, ಆ ಗೇಟಿನೊಳಕ್ಕೆ ಎಲೆಕ್ಟ್ರಾನುಗಳನ್ನು ನೂಕುತ್ತಾರೆ. ಒಳಗೆ ಸಿಕ್ಕಿಬಿದ್ದ ವಿದ್ಯುದಾವೇಶವೇ ದತ್ತಾಂಶ. ಆದರೆ ಮಣ್ಣಿನ ಹೂಜಿಯ ನೀರಿನಂತೆ ಅದು ಬಹಳ ನಿಧಾನವಾಗಿ ಹೊರಗೆ ಜಿನುಗುತ್ತಲೇ ಇರುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ. ತಯಾರಕರು ಈ ಜಾತಿಯ ಚಿಪ್‌ಗಳಿಗೆ ಸಾಮಾನ್ಯವಾಗಿ ಕೊಡುತ್ತಿದ್ದ ಭರವಸೆ 10 ಅಥವಾ 20 ವರ್ಷದ್ದು. 1982ರಲ್ಲಿ ಬರೆದ ಚಿಪ್ ಇಂದಿಗೂ ಸರಿಯಾಗಿ ಓದಿಸಿಕೊಂಡರೆ ಅದು ಆ ಭರವಸೆಯನ್ನು ಮೀರಿ ಉಳಿದಿದೆ ಎಂದರ್ಥ. ಎಷ್ಟೋ ಚಿಪ್‌ಗಳು ಹಾಗೆ ಉಳಿದಿವೆ ಎಂಬುದೂ ನಿಜ, ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ.

ಬೆಳಕಿನದು ಇನ್ನೊಂದು ತೊಂದರೆ. ಅಳಿಸಿ ಮತ್ತೆ ಬರೆಯಲು ಅನುಕೂಲವಾಗಲೆಂದು ಇಪ್ರಾಮ್‌ನ ನೆತ್ತಿಯ ಮೇಲೆ ಸ್ಫಟಿಕದ ಪುಟ್ಟ ಕಿಟಕಿಯೊಂದು ಇರುತ್ತದೆ. ನೇರಳಾತೀತ ದೀಪದ ಕೆಳಗೆ ಸುಮಾರು 20 ನಿಮಿಷ ಇಟ್ಟರೆ ಒಳಗಿನದೆಲ್ಲ ಅಳಿಯುತ್ತದೆ. ಅದೇ ಕಿಟಕಿಯನ್ನು ಮುಚ್ಚದೆ ಬಿಟ್ಟರೆ ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರಕ್ಕೆ, ಕೋಣೆಯ ಟ್ಯೂಬ್‌ಲೈಟಿನಲ್ಲಿ ಸುಮಾರು 3 ವರ್ಷಕ್ಕೆ ದತ್ತಾಂಶ ಅಳಿಯಬಹುದೆಂದು ಇಂಟೆಲ್ ತನ್ನ ಕೈಪಿಡಿಯಲ್ಲೇ ಎಚ್ಚರಿಸಿತ್ತು. ಅದಕ್ಕಾಗಿಯೇ ಕಿಟಕಿಯ ಮೇಲೆ ಒಂದು ಚೀಟಿ ಅಂಟಿಸುವ ರೂಢಿ ಬಂದದ್ದು. ನಲವತ್ತು ವರ್ಷದಲ್ಲಿ ಆ ಚೀಟಿಯ ಅಂಟು ಒಣಗಿ ಉದುರಿರುತ್ತದೆ. ಉಪಕರಣದ ಮುಚ್ಚಳ ಎಂದೋ ಕಳೆದುಹೋಗಿ, ಬೋರ್ಡು ಕೋಣೆಯ ಕಿಟಕಿಯ ಪಕ್ಕದ ರ‍್ಯಾಕಿನಲ್ಲಿ ಬಿದ್ದಿರುವ ಕಾಲೇಜು ಪ್ರಯೋಗಾಲಯಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೇರೇನೂ ಮಾಡಲಾಗದಿದ್ದರೂ, ಬೆಳಕು ದಾಟದ ಒಂದು ತುಂಡು ಕಪ್ಪು ಟೇಪನ್ನು ಚಿಪ್‌ನ ಕಿಟಕಿಯ ಮೇಲೆ ಅಂಟಿಸಲು ಯಾರ ಅನುಮತಿಯೂ ಬೇಕಿಲ್ಲ.

ಇದು ಬೆಂಗಳೂರಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯವೇಕೆಂದು ಕೆಲವರಿಗೆ ಅನ್ನಿಸಬಹುದು. 1948ರಲ್ಲಿ ಟೆಲಿಫೋನ್ ಉಪಕರಣಗಳ ಐಟಿಐ, 1953ರಲ್ಲಿ ಯಂತ್ರೋಪಕರಣಗಳ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಆರಂಭವಾದ ಊರು ಇದು. 1975ರಲ್ಲಿ ಕಕ್ಷೆ ಸೇರಿದ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಪೀಣ್ಯದ ಶೆಡ್ಡುಗಳಲ್ಲಿ. ಈ ನಗರಕ್ಕೆ ತಂತ್ರಾಂಶದ ಹೆಸರು ಬರುವುದಕ್ಕೆ ಎಷ್ಟೋ ಮೊದಲು ಇಲ್ಲಿನ ಎಂಜಿನಿಯರುಗಳು ತಂತ್ರಾಂಶ ಬರೆಯುತ್ತಿದ್ದರು. ಅದು ಹೋಗಿ ಕೂರುತ್ತಿದ್ದದ್ದು ಈ ಚಿಪ್‌ಗಳಲ್ಲಿ. ಹಳ್ಳಿಗಾಡಿನ ಟೆಲಿಫೋನ್ ಎಕ್ಸ್‌ಚೇಂಜಿನ ಉದಾಹರಣೆಯನ್ನೇ ನೋಡಿ. 1984ರಲ್ಲಿ ಹುಟ್ಟಿ, ದೆಹಲಿ ಮತ್ತು ಬೆಂಗಳೂರಿನಲ್ಲಿ ಕಚೇರಿ ಹೊಂದಿದ್ದ, ಟೆಲಿಫೋನ್ ತಂತ್ರಜ್ಞಾನ ರೂಪಿಸುವ ಸರ್ಕಾರಿ ಸಂಸ್ಥೆ ಸಿ-ಡಾಟ್‌ನ 128 ಲೈನುಗಳ ಎಕ್ಸ್‌ಚೇಂಜನ್ನು ಮೊದಲು ಸ್ಥಾಪಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ದೂಳು ಮತ್ತು ಸೆಕೆಯ ನಡುವೆ ನಡೆಯಬೇಕೆಂದೇ ರೂಪಿಸಿದ ಯಂತ್ರ ಅದು. ಆ ಪೀಳಿಗೆಯ ಉಪಕರಣಗಳ ನಿಯಂತ್ರಣ ತಂತ್ರಾಂಶವನ್ನು ಇಪ್ರಾಮ್‌ಗಳಲ್ಲಿ ತುಂಬುವುದೇ ವಾಡಿಕೆಯಾಗಿತ್ತು. ಅಂಥ ಯಂತ್ರದ ಹೊರ ಕವಚವನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟು, ಅದರ ಚಿಪ್‌ಗಳು ತಾವಾಗಿಯೇ ಖಾಲಿಯಾಗಲು ಬಿಟ್ಟರೆ ನಾವು ಉಳಿಸಿಕೊಳ್ಳುವುದು ಬಣ್ಣ ಬಳಿದ ತಗಡನ್ನು ಮಾತ್ರ.

ಕನ್ನಡಕ್ಕೇ ಸಂಬಂಧಿಸಿದ ಸಂಗತಿಯೂ ಇದರಲ್ಲಿದೆ. ಕಾನ್ಪುರದ ಐಐಟಿಯಲ್ಲಿ ಬೇರು ಬಿಟ್ಟು ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ವಿಂಡೋಸ್‌ಗೆ ಮೊದಲಿನ ಡಾಸ್ ಕಾಲದಲ್ಲಿ ಕನ್ನಡ ಬೆರಳಚ್ಚು ಮಾಡಿದವರು ಮರೆತಿರಲಾರರು. ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ತೆರೆಯ ಮೇಲೆ ಕನ್ನಡ ಮೂಡುತ್ತಿತ್ತು, ಕಿತ್ತರೆ ಇಲ್ಲ. ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ, ಅದು ಬಳಸುತ್ತಿದ್ದ ಇಸ್ಕಿ ಸಂಕೇತ ಪದ್ಧತಿ 1991ರಲ್ಲಿ ಐಎಸ್ 13194 ಎಂಬ ರಾಷ್ಟ್ರೀಯ ಮಾನಕವಾಯಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ನ ಅದೇ ವರ್ಷದ ಮೊದಲ ಆವೃತ್ತಿಯಲ್ಲಿ ಕನ್ನಡದ ಅಕ್ಷರಗಳನ್ನು ಜೋಡಿಸಿದ್ದು ಇಸ್ಕಿಯ 1988ರ ರೂಪವನ್ನು ಅನುಸರಿಸಿ. ಹಾಗಾಗಿ ಸಂಕೇತಗಳ ಚರಿತ್ರೆ ಮುದ್ರಿತ ಮಾನಕಗಳಲ್ಲಿ ಭದ್ರವಾಗಿದೆ. ಅಕ್ಷರರೂಪಗಳ ಚರಿತ್ರೆಗೆ ಆ ಭಾಗ್ಯವಿಲ್ಲ. ಸೂಜಿಗಳಿಂದ ಚುಕ್ಕಿ ಒತ್ತಿ ಅಕ್ಷರ ಮೂಡಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಬೆರಳೆಣಿಕೆಯ ಸೂಜಿಗಳ ಎತ್ತರದೊಳಗೆ ‘ರಾಷ್ಟ್ರ’, ‘ಸ್ತ್ರೀ’ ಮುಂತಾದವುಗಳ ಎರಡೆರಡು ಒತ್ತುಗಳನ್ನು ಹೇಗೆ ಹಿಡಿಸಿದರು, ಎಲ್ಲಿ ಒಂದು ಚುಕ್ಕಿ ಬಿಟ್ಟರು, ಯಾವ ದೀರ್ಘವನ್ನು ಯಾವ ಸಾಲಿಗೆ ತಳ್ಳಿದರು ಎಂಬುದನ್ನು ತಿಳಿಯಲು ಅಂಥ ಪ್ರಿಂಟರುಗಳ ಅಕ್ಷರ ಚಿಪ್‌ಗಳನ್ನೇ ಓದಬೇಕು. ಸೀಸದ ಮೊಳೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ನಾವು ಈ ಮಧ್ಯದ ಅಧ್ಯಾಯವನ್ನು ತೂಕಕ್ಕೆ ಮಾರುತ್ತಿರುವುದು ನನಗೆ ಸರಿಕಾಣುವುದಿಲ್ಲ.

ಓದುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರದ್ದೂ ಅಲ್ಲ. ಹಳೆಯ ಚಿಪ್‌ಗಳ ಕಾಲುಗಳಿಗೆ ಬೆಳ್ಳಿಯ ಲೇಪವಿದ್ದರೆ ಅವು ಗಾಳಿಯ ಗಂಧಕಕ್ಕೆ ಕಪ್ಪಾಗಿರುತ್ತವೆ. ಕೆಲವು ಬರೀ ಕಪ್ಪಾಗಿರುತ್ತವೆ, ಕೆಲವು ಒಳಗಿಂದಲೇ ತಿಂದುಹೋಗಿ ಸಾಕೆಟ್‌ನಿಂದ ಎತ್ತುವಾಗ ಬುಡದಲ್ಲೇ ಮುರಿಯುತ್ತವೆ. ಹಾಗಾಗಿ ಸ್ಕ್ರೂಡ್ರೈವರಿನಿಂದ ಒಂದೇ ಕಡೆ ಮೀಟದೆ ಎರಡೂ ತುದಿಗಳನ್ನು ಸ್ವಲ್ಪ ಸ್ವಲ್ಪವೇ ಎತ್ತಬೇಕು. ಎತ್ತುವ ಮುನ್ನ ಬೋರ್ಡಿನ ಫೋಟೊ ತೆಗೆದುಕೊಳ್ಳಬೇಕು: ಯಾವ ಸಾಕೆಟ್‌ನಲ್ಲಿ ಯಾವ ಚಿಪ್, ಅದರ ಕಚ್ಚು ಯಾವ ದಿಕ್ಕಿಗೆ, ಚೀಟಿಯ ಮೇಲೆ ಏನು ಬರೆದಿದೆ. ಆ ಚೀಟಿಯನ್ನು ಯಾವ ಕಾರಣಕ್ಕೂ ಕಿತ್ತೆಸೆಯಬಾರದು. ಆವೃತ್ತಿಯ ಸಂಖ್ಯೆ, ತಾರೀಖು, ಬರೆದವರ ಇನಿಷಿಯಲ್, ಎಷ್ಟೋ ಸಲ ನಾಲ್ಕಂಕಿಯ ಚೆಕ್‌ಸಮ್ ಎಲ್ಲವೂ ಪೆನ್ಸಿಲಿನಲ್ಲಿ ಅಲ್ಲೇ ಇರುತ್ತವೆ. ಓದಿದ ಬೈಟ್‌ಗಳನ್ನು ಕೂಡಿದಾಗ ಆ ನಾಲ್ಕಂಕಿ ತಾಳೆಯಾದರೆ, ಚಿಪ್ ಬರೆದ ದಿನ ಇದ್ದದ್ದೇ ಈಗಲೂ ಇದೆಯೆಂದು ನಂಬಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ.

ಚಿಪ್‌ನ ಮೇಲಿನ ಸಂಖ್ಯೆಯನ್ನು ನೋಡಿ ಮೋಸಹೋಗಬಾರದು ಎಂಬುದನ್ನೂ ಹೇಳಬೇಕು. ಇಂಟೆಲ್‌ನ 2716ಕ್ಕೆ ಓದುವಾಗ 5 ವೋಲ್ಟ್ ಒಂದೇ ಸಾಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್2716ಕ್ಕೆ ಮೂರು ಬೇರೆ ಬೇರೆ ವೋಲ್ಟೇಜ್ ಬೇಕು. 2732 ಮತ್ತು 2532 ಎರಡೂ 4 ಕಿಲೋಬೈಟಿನವೇ ಆದರೂ ಅವುಗಳ ಪಿನ್ ಜೋಡಣೆ ಬೇರೆ. ಒಮ್ಮೆಗೆ ಎರಡು ಬೈಟ್ ಓದುವ 16 ಬಿಟ್‌ನ ಪ್ರೊಸೆಸರ್ ಇರುವ ಬೋರ್ಡಿನಲ್ಲಿ ಸಮ ವಿಳಾಸದ ಬೈಟ್‌ಗಳು ಒಂದು ಚಿಪ್‌ನಲ್ಲಿ, ಬೆಸ ವಿಳಾಸದವು ಪಕ್ಕದ ಚಿಪ್‌ನಲ್ಲಿ ಇರುವುದು ಸಾಮಾನ್ಯ. ಜೋಡಿಯಲ್ಲಿ ಒಂದು ಕಳೆದರೆ ಉಳಿದ ಅರ್ಧದಿಂದ ಹೆಚ್ಚೇನೂ ಆಗದು.

ಒಂದೇ ಸಲ ಓದಿ ‘ಆಯಿತು’ ಎನ್ನುವುದು ಈ ಕೆಲಸದಲ್ಲಿ ನಾನು ಕಂಡ ಅತಿ ಸಾಮಾನ್ಯ ದೋಷ. ಖಾಲಿ ಇಪ್ರಾಮ್‌ನಲ್ಲಿ ಸಾಮಾನ್ಯವಾಗಿ ಎಲ್ಲ ಬಿಟ್‌ಗಳೂ, ಅಂದರೆ 0 ಅಥವಾ 1 ಆಗಿರಬಲ್ಲ ಅತಿ ಚಿಕ್ಕ ಘಟಕಗಳೂ, 1 ಆಗಿರುತ್ತವೆ. ಬರೆಯುವುದೆಂದರೆ ಬೇಕಾದ ಕಡೆ 0 ಮಾಡುವುದು. ಆವೇಶ ಸೋರಿದಾಗ 0 ಆಗಿದ್ದದ್ದು ಮೆಲ್ಲಗೆ 1ರ ಕಡೆಗೆ ವಾಲುತ್ತದೆ. ಪೂರ್ತಿ ಅಳಿಯುವುದಕ್ಕೆ ಮೊದಲು ಆ ಬಿಟ್ ಒಮ್ಮೆ 0 ಎಂದು, ಇನ್ನೊಮ್ಮೆ 1 ಎಂದು ಓದಿಸಿಕೊಳ್ಳುವ ಒಂದು ಅವಸ್ಥೆ ಇರುತ್ತದೆ. 2764ರಲ್ಲಿ 65,536 ಬಿಟ್‌ಗಳಿವೆ, ಅವುಗಳಲ್ಲಿ ಒಂದೇ ಒಂದು ಬದಲಾದರೂ ಪ್ರೊಸೆಸರಿಗೆ ಸಿಗುವುದು ಬೇರೆಯೇ ಆದೇಶ. ಆದ್ದರಿಂದ ಕೆಲವು ಸಲ ಓದಿ ಫೈಲುಗಳನ್ನು ಹೋಲಿಸಬೇಕು. ವ್ಯತ್ಯಾಸ ಕಂಡರೆ ಚಿಪ್‌ಗೆ ಕೊಡುವ 5 ವೋಲ್ಟನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಓದಬೇಕು. ಪೂರೈಕೆ ಕಡಿಮೆಯಾದಾಗ ಅರ್ಧ ಸೋರಿದ ಕೋಶಗಳು ಮತ್ತೆ 0 ಎಂದೇ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹೀಗೆ ಉಳಿಸಿಕೊಂಡದ್ದನ್ನು ಹೊಸ ಚಿಪ್‌ಗೆ ಬರೆದು ಯಂತ್ರಕ್ಕೆ ಹಾಕಿ, ಮೂಲ ಚಿಪ್ಪನ್ನು ಕಪ್ಪು ಟೇಪಿನೊಂದಿಗೆ ಹಾಗೆಯೇ ಎತ್ತಿಡಬೇಕು. ಹಳೆಯದರ ಮೇಲೆಯೇ ಅದೇ ದತ್ತಾಂಶವನ್ನು ಮತ್ತೊಮ್ಮೆ ಬರೆದು ಆವೇಶ ತುಂಬುವವರೂ ಇದ್ದಾರೆ. ದಿನನಿತ್ಯ ನಡೆಯುವ ಯಂತ್ರಕ್ಕೆ ಅದು ನಡೆದೀತು, ಸಂಗ್ರಹಾಲಯದ ವಸ್ತುವಿಗೆ ನಾನಂತೂ ಮಾಡಲಾರೆ.

ಇಪ್ರಾಮ್‌ಗಿಂತ ತುರ್ತಾದದ್ದು ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುವ ರ‍್ಯಾಮ್. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ಪ್ಯಾರಾಮೀಟರುಗಳು, ಅಂದರೆ ಆ ನಿರ್ದಿಷ್ಟ ಯಂತ್ರದ ಅಕ್ಷಗಳ ಮಿತಿ, ಹಿಮ್ಮುಖ ಚಲನೆಯ ಸಡಿಲಕ್ಕೆ ಬೇಕಾದ ತಿದ್ದುಪಡಿ, ಮೋಟರಿನ ಹೊಂದಾಣಿಕೆ ಮುಂತಾದವು, ಇಂಥ ರ‍್ಯಾಮ್‌ನಲ್ಲಿರುತ್ತವೆ. ಬಹಳಷ್ಟು ನಿಯಂತ್ರಕಗಳಲ್ಲಿ ಯಂತ್ರ ಚಾಲೂ ಇರುವಾಗಲೇ ಬ್ಯಾಟರಿ ಬದಲಿಸಬೇಕು. ಸ್ವಿಚ್ ಆರಿಸಿ ಬದಲಿಸಿದರೆ ಎಲ್ಲವೂ ಅಳಿಸಿಹೋಗುತ್ತದೆ. ನನಗೆ ಪರಿಚಯದ ಒಂದು ಕಾರ್ಖಾನೆಯಲ್ಲಿ ಆಯುಧಪೂಜೆಯ ರಜೆಗೆ ಮುಚ್ಚಿದ ಯಂತ್ರ ಮರಳಿ ಚಾಲೂ ಮಾಡಿದಾಗ ತೆರೆಯ ತುಂಬ ಅಲಾರಂ ತೋರಿಸಿತು. ಬ್ಯಾಟರಿಯ ಎಚ್ಚರಿಕೆ ಅದಕ್ಕೂ ಹಲವು ವಾರ ಮೊದಲಿನಿಂದಲೇ ತೆರೆಯ ಮೂಲೆಯಲ್ಲಿ ಮಿನುಗುತ್ತಿತ್ತಂತೆ. ಯಂತ್ರ ಬಂದಾಗ ಕೊಟ್ಟಿದ್ದ ಪ್ಯಾರಾಮೀಟರ್ ಹಾಳೆಯನ್ನು ನಿಯಂತ್ರಕದ ಬಾಗಿಲಿನ ಒಳಬದಿಯ ಜೇಬಿನಲ್ಲಿ ಯಾರೋ ಪುಣ್ಯಾತ್ಮರು ಇಟ್ಟಿದ್ದರು, ಎಣ್ಣೆ ಹೀರಿ ಅರ್ಧ ಅಂಕಿಗಳು ಕಾಣದಿದ್ದರೂ ಅದೇ ಆಧಾರವಾಯಿತು. ಆ ನಿಯಂತ್ರಕದ ಹಿಂಭಾಗದಲ್ಲಿ ಒಂದು ಸೀರಿಯಲ್ ಪೋರ್ಟ್ ಇದೆ; ಹಳೆಯ ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ ಇದ್ದರೆ ಎಲ್ಲ ಪ್ಯಾರಾಮೀಟರುಗಳನ್ನೂ ಸ್ವಲ್ಪ ಹೊತ್ತಿನಲ್ಲೇ ಇಳಿಸಿಕೊಳ್ಳಬಹುದಿತ್ತು. ಇದರ ಹಾಗೆಯೇ ಲಿಥಿಯಂ ಬ್ಯಾಟರಿಯನ್ನು ಪ್ಲಾಸ್ಟಿಕ್ ಕವಚದೊಳಗೇ ಮುಚ್ಚಿ ತಯಾರಿಸಿದ ಚಿಪ್‌ಗಳೂ ಇವೆ. ಅವುಗಳಿಗೆ ತಯಾರಕರು ಹೇಳಿದ್ದು 10 ವರ್ಷದ ಆಯುಷ್ಯ, ತೊಂಬತ್ತರ ದಶಕದವು ಎಂದೋ ಅದನ್ನು ದಾಟಿವೆ.

ಓದಿದ್ದನ್ನು ಎಲ್ಲಿಡಬೇಕು ಎಂಬುದಕ್ಕೆ ನಮ್ಮ ಕಚೇರಿಗಳಲ್ಲಿ ಸಿದ್ಧ ಉತ್ತರವೆಂದರೆ ಪೆನ್‌ಡ್ರೈವ್. ಅದರೊಳಗೂ ಇರುವುದು ಇದೇ ತತ್ತ್ವದ ಫ್ಲ್ಯಾಶ್ ಚಿಪ್. ಅಲ್ಲಿಯೂ ಆವೇಶ ಸೋರುತ್ತದೆ. ಮೆಮೊರಿ ಚಿಪ್‌ಗಳಿಗೆ ಮಾನಕ ರೂಪಿಸುವ ಜೆಡೆಕ್ ಎಂಬ ಉದ್ಯಮ ಸಂಸ್ಥೆಯ ಮಾನಕದ ಪ್ರಕಾರ, ತನ್ನ ಬರೆಯುವ ಆಯುಷ್ಯ ಮುಗಿಸಿದ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಬಳಸುವ ಫ್ಲ್ಯಾಶ್ ಡ್ರೈವ್) ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ದತ್ತಾಂಶವನ್ನು ಕಾಪಾಡಬೇಕಾದ ಅವಧಿ ಒಂದು ವರ್ಷ ಮಾತ್ರ. ಹೊಸದು ಇದಕ್ಕಿಂತ ಹೆಚ್ಚು ಕಾಲ ಹಿಡಿದಿಡುತ್ತದೆ, ನಿಜ. ಆದರೂ ಬೀರುವಿನಲ್ಲಿ ಬೀಗ ಹಾಕಿಟ್ಟ ಒಂದೇ ಪೆನ್‌ಡ್ರೈವನ್ನು ದಾಖಲೆ ಸಂಗ್ರಹ ಎನ್ನಲಾಗದು. ಎರಡು ಮೂರು ಕಡೆ ಪ್ರತಿಗಳಿದ್ದು, ಪ್ರತಿ ಫೈಲಿಗೂ ಹ್ಯಾಶ್, ಅಂದರೆ ಅದರ ಒಳಗಿನದರಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ, ಬರೆದಿಟ್ಟು, ವರ್ಷಕ್ಕೊಮ್ಮೆಯಾದರೂ ತಾಳೆ ನೋಡುವ ಹೊಣೆ ಒಬ್ಬರ ಹೆಸರಿಗೆ ಇರಬೇಕು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಆರಂಭಿಸಿದ ‘ಮೇಮ್’ ಯೋಜನೆಯಲ್ಲಿ ಹವ್ಯಾಸಿಗಳು ಹಳೆಯ ಆಟದ ಯಂತ್ರಗಳ ಒಂದೊಂದು ಚಿಪ್ಪನ್ನೂ ಓದಿ ಅದರ ಹ್ಯಾಶ್ ದಾಖಲಿಸುತ್ತಾ ಬಂದಿದ್ದಾರೆ. ಗೇಮ್ ಪಾರ್ಲರಿನ ಯಂತ್ರಗಳಿಗೆ ಸಿಕ್ಕಿರುವ ಈ ಮರ್ಯಾದೆ ನಮ್ಮ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಸಿಕ್ಕಿಲ್ಲ.

ಕಾನೂನಿನ ಅಡ್ಡಿ ಇದೆಯೇ ಎಂದು ಕೆಲವು ವಿಭಾಗ ಮುಖ್ಯಸ್ಥರು ನನ್ನನ್ನು ಕೇಳಿದ್ದುಂಟು. ನಾನು ವಕೀಲನಲ್ಲ, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಓದಲು ಕಷ್ಟವೇನಲ್ಲ: ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು, ಅದು ಕಳೆದುಹೋಗದಂತೆ ಅಥವಾ ಹಾಳಾಗದಂತೆ ತಾತ್ಕಾಲಿಕ ರಕ್ಷಣೆಗಾಗಿ, ಅದನ್ನು ಯಾವ ಉದ್ದೇಶಕ್ಕೆ ಪೂರೈಸಲಾಗಿತ್ತೋ ಅದಕ್ಕೇ ಬಳಸಲು ಬ್ಯಾಕಪ್ ಮಾಡಿಕೊಳ್ಳುವುದು ಉಲ್ಲಂಘನೆಯಲ್ಲ. ಯಂತ್ರ ಕೈಯಲ್ಲಿರುವಾಗ ಸಿಗುವ ಈ ಅವಕಾಶ ಅದನ್ನು ಮಾರಿದ ಮೇಲೆ ಸಿಗದು. ಇನ್ನು 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೇಂದ್ರ ಸರ್ಕಾರದ ಇಲಾಖೆಗಳಿಗೂ ಸಾರ್ವಜನಿಕ ಉದ್ಯಮಗಳಿಗೂ ಅನ್ವಯಿಸುತ್ತದೆ, ಮತ್ತು ಕಂಪ್ಯೂಟರಿನಿಂದ ಅಥವಾ ಇತರ ಯಾವುದೇ ಸಾಧನದಿಂದ ಹೊರಬಂದದ್ದನ್ನೂ ದಾಖಲೆಯೆಂದೇ ಎಣಿಸುತ್ತದೆ. ಕಾಗದದ ಕಡತವನ್ನು ನಾಶಮಾಡಲು ಸಹಿ ಮೇಲೆ ಸಹಿ ಕೇಳುವ ಸಂಸ್ಥೆ, ಪರೀಕ್ಷೆಯ ಫಲಿತಾಂಶಗಳು ತುಂಬಿದ ಚಿಪ್ಪನ್ನು ಒಂದು ಟಿಪ್ಪಣಿಯೂ ಇಲ್ಲದೆ ಬಿಟ್ಟುಕೊಡುವುದು ಈ ಕಾಯ್ದೆಯ ಆಶಯಕ್ಕೆ ಹೊಂದುವುದಿಲ್ಲ.

ರಕ್ಷಣಾ ಉಪಕರಣಗಳ ಗೋಪ್ಯತೆಯ ಪ್ರಶ್ನೆ ಬೇರೆ, ಅದನ್ನು ಆಯಾ ಸಂಸ್ಥೆಗಳೇ ನಿರ್ಧರಿಸಲಿ. ಆದರೆ ‘ಗೋಪ್ಯ’ ಎಂಬ ಕಾರಣಕ್ಕೆ ಓದದೆ ಬಿಟ್ಟ ಚಿಪ್ ಸಾಕೆಟ್‌ನಲ್ಲೇ ಕೂತು ಹರಾಜಿಗೆ ಹೋದರೆ ಗುಟ್ಟೂ ಅದರ ಜೊತೆಯಲ್ಲೇ ಹೊರಗೆ ಹೋದಂತಾಯಿತು. ಸೆರಾಮಿಕ್ ಹೊದಿಕೆಯ ಇಪ್ರಾಮ್‌ಗಳಿಗೆ, ಒಳಗಿನ ಚೂರು ಚಿನ್ನದ ಸಲುವಾಗಿ, ಗುಜರಿಯಲ್ಲಿ ಒಳ್ಳೆಯ ಗಿರಾಕಿಯೂ ಇದೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ದೊಡ್ಡ ಬಳಕೆದಾರರು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ಮರುಬಳಕೆ ಘಟಕ ಮುಂತಾದವರಿಗೇ ಒಪ್ಪಿಸಬೇಕು. ಇದು ಒಳ್ಳೆಯ ನಿಯಮ. ಆದರೆ ಇದರಿಂದ ಒಂದು ಹಳೆಯ ದಾರಿ ಕಿರಿದಾಗುತ್ತಿದೆ ಎಂಬುದನ್ನೂ ಗಮನಿಸಬೇಕು. ಹಿಂದೆ ಹರಾಜಾದ ಬೋರ್ಡುಗಳಲ್ಲಿ ಕೆಲವಾದರೂ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಎಸ್.ಪಿ. ರಸ್ತೆಯ ಅಂಗಡಿಗಳನ್ನು ತಲುಪಿ ಯಾರಾದರೂ ಹವ್ಯಾಸಿಯ ಕೈಗೆ ಸಿಗುತ್ತಿದ್ದವು. ಈಗ ಅವು ನೇರವಾಗಿ ಪುಡಿಮಾಡುವ ಯಂತ್ರಕ್ಕೆ ಹೋಗುವುದೇ ಹೆಚ್ಚಾಗಲಿದೆ. ಹಾಗಾಗಿ ಓದುವ ಕೆಲಸ ಒಪ್ಪಿಸುವ ಮೊದಲೇ, ಸಂಸ್ಥೆಯ ಆವರಣದಲ್ಲಿಯೇ ಆಗಬೇಕು. ಬಹುತೇಕ ಚಿಪ್‌ಗಳನ್ನು ಓದಬಲ್ಲ ಪ್ರೋಗ್ರಾಮರ್ ಸಾಧನ ಇಂದು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ವಿಭಾಗವಿರುವ ಯಾವ ಕಾಲೇಜಿನ ವಿದ್ಯಾರ್ಥಿಗಳಾದರೂ ಒಬ್ಬ ಅನುಭವಿಯ ಮೇಲ್ವಿಚಾರಣೆಯಲ್ಲಿ ಇದನ್ನು ಮಾಡಬಲ್ಲರು. ಅವರ ಪ್ರಾಜೆಕ್ಟ್ ಕೆಲಸಕ್ಕೂ ಇದು ತಕ್ಕುದು. ಸಾಕೆಟ್ ಇಲ್ಲದೆ ಬೆಸುಗೆ ಹಾಕಿ ಕೂರಿಸಿದ, ಕಾಲು ಮುರಿದ ಅಥವಾ 1702ರಂಥ ವಿಚಿತ್ರ ವೋಲ್ಟೇಜ್ ಬೇಡುವ ಚಿಪ್‌ಗಳಿಗಾಗಿ ನಗರದಲ್ಲಿ ಒಂದು ಕಡೆ ಸುಸಜ್ಜಿತ ಮೇಜೊಂದಿದ್ದರೆ ಸಾಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಅದಕ್ಕೆ ಸಹಜವಾದ ಜಾಗವೆಂದು ನನ್ನ ಅಭಿಪ್ರಾಯ. ಫೈಲುಗಳ ಪ್ರತಿ ಮತ್ತು ವಿವರಪಟ್ಟಿಯನ್ನು ರಾಜ್ಯ ಪತ್ರಾಗಾರ ಇಲಾಖೆ ಇಟ್ಟುಕೊಳ್ಳಬಹುದು. ಆ ಯಂತ್ರಗಳಿಗೆ ತಂತ್ರಾಂಶ ಬರೆದ ಪೀಳಿಗೆಯ ಅನೇಕರು ಜಾಲಹಳ್ಳಿ, ದೂರವಾಣಿನಗರ, ರಾಜಾಜಿನಗರಗಳಲ್ಲಿ ಇನ್ನೂ ನಮ್ಮ ನಡುವೆ ಇದ್ದಾರೆ. ಚೀಟಿಯ ಮೇಲಿನ ಇನಿಷಿಯಲ್ ಯಾರದೆಂದು ಹೇಳಬಲ್ಲವರು ಅವರೇ.

ವಿಲೇವಾರಿ ಸಮಿತಿಯ ನಮೂನೆಯಲ್ಲಿ ವಸ್ತುವಿನ ಹೆಸರು, ಖರೀದಿಯ ವರ್ಷ, ಪುಸ್ತಕ ಮೌಲ್ಯ, ಮೀಸಲು ಬೆಲೆ ಎಂಬ ಕಾಲಂಗಳು ಸಾಮಾನ್ಯವಾಗಿ ಇರುತ್ತವೆ. ಮೆಮೊರಿ ಚಿಪ್ ಇದೆಯೇ, ನಕಲು ತೆಗೆಯಲಾಗಿದೆಯೇ, ಫೈಲ್ ಯಾರ ಬಳಿ ಇದೆ ಎಂದು ಕೇಳುವ ಇನ್ನೊಂದು ಕಾಲಂ ಸೇರಿಸಲು ಹೊಸ ಶಾಸನವೇನೂ ಬೇಕಿಲ್ಲ, ಆಯಾ ಸಂಸ್ಥೆಯ ಒಂದು ಸುತ್ತೋಲೆ ಸಾಕು. ಮುಂದಿನ ಮಾರ್ಚ್ ತಿಂಗಳ ಪಟ್ಟಿಗಳು ಸಿದ್ಧವಾಗುವುದರೊಳಗೆ ಅಂಥ ಸುತ್ತೋಲೆ ಹೊರಡಿಸಬೇಕೆಂದು ಸಂಬಂಧಪಟ್ಟ ಮುಖ್ಯಸ್ಥರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ನಿವೃತ್ತ ಎಂಜಿನಿಯರ್, ಜಾಲಹಳ್ಳಿ, ಬೆಂಗಳೂರು